ಬೈಯುವ ಮೊದಲು ಕೇಳಿ

ನರ್ಸಿಂಗ್ ಪದವೀಧರರೇ, ನಿಮಗೆಲ್ಲ ಅಭಿನಂದನೆ. ಸಾಲ ಮಾಡಿ ಓದಿಸಿದ ಅಪ್ಪ-ಅವ್ವಂದಿರಿಗೆ ಇನ್ನೂ ಒಂದು ಹೆಚ್ಚು. ಹಾರ-ತುರಾಯಿ ಮುಗಿಯಿತು, ಕೆಲಸದ ಮಾತಿಗೆ ಬರುತ್ತೇನೆ.

ನಮ್ಮ ಆದೋನಿ, ಆಲೂರು, ಕೋಸಿಗಿ, ಕೌತಾಳಂ ಮಂಡಲಗಳ ಬಸುರಿ ತಪಾಸಣೆಗೆ ಬಂದರೆ ತೂಕ ನೋಡುತ್ತೇವೆ, ಬಿಪಿ ನೋಡುತ್ತೇವೆ, ರಕ್ತ ತೆಗೆಯುತ್ತೇವೆ. ಕಡ್ಡಿಪುಡಿ ಹಾಕುತ್ತಾಳೋ, ಸೇಂದಿ ಕುಡಿಯುತ್ತಾಳೋ ಎಂದು ಕೇಳುವವರು ಕಡಿಮೆ. ಚಟವೆಂದರೆ ಗಂಡಸರದು ಎಂದುಕೊಂಡಿದ್ದೇವೆ. ವ್ಯಸನಮುಕ್ತಿ ಕೇಂದ್ರಗಳ ಹಾಸಿಗೆಗಳೂ ಬಹುತೇಕ ಅವರಿಗೇ.

ನಾನು ಹೊಸ ಡಾಕ್ಟರಾಗಿದ್ದಾಗ ವಾರ್ಡಿನಲ್ಲಿ ಒಬ್ಬ ಹಿರಿಯ ಸಿಸ್ಟರ್ ಇದ್ದರು. ಬಸುರಿಯ ಜೊತೆ ಬಂದ ಅತ್ತೆಯನ್ನು ಮೊದಲು ಬಿಸಿನೀರು ತರಲು ಅಟ್ಟುವರು. ಆಮೇಲೆ ಸ್ಟೂಲು ಎಳೆದುಕೊಂಡು, “ಹಲ್ಲಿಗೆ ಏನ್ ಹಚ್ಚಿಕೊಂತೀಯವ್ವಾ? ಉಂಡಮೇಲೆ ಬಾಯಿಗೆ ಏನ್ ಹಾಕ್ಕೊಂತಿ?” ಎನ್ನುವರು. ಹತ್ತಿ ಬಿಡಿಸುವ ಒಬ್ಬಳು ಕುಪ್ಪಸದೊಳಗಿಂದ ತುಕ್ಕು ಹಿಡಿದ ಸಣ್ಣ ಡಬ್ಬಿ ತೆಗೆದಳು. ಸಿಸ್ಟರ್ ಬೈಯಲಿಲ್ಲ, ಕಸದ ಬುಟ್ಟಿಗೂ ಎಸೆಯಲಿಲ್ಲ. ಯಾವ ಹೊತ್ತಿಗೆ ಬೇಕನಿಸುತ್ತದೆ ಎಂದು ಕೇಳಿದರು. “ಹೊಲದಾಗ ಹಸಿವು ಗೊತ್ತಾಗಲ್ಲಮ್ಮ ಇದು ಹಾಕಿದ್ರೆ,” ಎಂದಳು. ಸಿಸ್ಟರ್ ಮೊದಲು ಅವಳ ಮಧ್ಯಾಹ್ನದ ಊಟಕ್ಕೆ ದಾರಿ ಮಾಡಿದರು: ಗಂಡನನ್ನು ಕರೆಸಿ, ಹೊಲಕ್ಕೆ ರೊಟ್ಟಿ, ಹುರಿದ ಶೇಂಗಾ ಕಟ್ಟಿಕೊಡಲು ಹೇಳಿದರು. ಪುಡಿಯ ಮಾತು ಅದಾದ ಮೇಲೆ. ಅವರ ಬಗ್ಗೆ ಗಂಟೆಗಟ್ಟಲೆ ಹೇಳಬಲ್ಲೆ, ಆದರೆ ಪ್ರಾಂಶುಪಾಲರು ಆಗಲೇ ಗಡಿಯಾರ ನೋಡುತ್ತಿದ್ದಾರೆ.

ಕಡ್ಡಿಪುಡಿಯಂಥ ಹೊಗೆ ಇಲ್ಲದ ತಂಬಾಕಿನಿಂದ ಅಪಾಯವಿಲ್ಲವೆಂದು ತಿಳಿಯಬೇಡಿ. ಮುಂಬೈಯ 1,217 ಗರ್ಭಿಣಿಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದನ್ನು ಬಳಸುವವರ ಮಕ್ಕಳ ಜನನ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು. ಮೊದಲೇ ರಕ್ತಹೀನತೆ ಇರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಸಣ್ಣ ಲೆಕ್ಕವಲ್ಲ.

ಸೇಂದಿಯ ಕಥೆ ಬೇರೆ. ಕಲಬೆರಕೆ ಸೇಂದಿಯಲ್ಲಿ ಕ್ಲೋರಲ್ ಹೈಡ್ರೇಟ್, ಡಯಜೆಪಾಮ್, ಆಲ್‌ಪ್ರಜೋಲಾಮ್ ಇರುತ್ತವೆ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆಗೆ ಬಿಗಿ ಮಾಡಿದಾಗ, ಕುಡಿದು ರೂಢಿಯಾದವರು ಫಿಟ್ಸ್ ಬಂದು, ಏನೇನೋ ಬಡಬಡಿಸುತ್ತ ಆಸ್ಪತ್ರೆ ಸೇರಿದರು. ಕಡ್ಡಿಪುಡಿಯನ್ನಾದರೆ ಇವತ್ತೇ ಬಿಡು ಎನ್ನಿ. ಆದರೆ ದಿನಾ ಸೇಂದಿ ಅಥವಾ ಸಾರಾಯಿ ಕುಡಿಯುವ ಬಸುರಿಗೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸು ಎನ್ನಬೇಡಿ. ಅಡ್ಮಿಟ್ ಮಾಡಿಸಿ, ಮನೋವೈದ್ಯರ ನಿಗಾದಲ್ಲಿ ಹಂತ ಹಂತವಾಗಿ ಬಿಡಿಸಬೇಕು. ಕೂಸು ಹುಟ್ಟಿದ ಮೇಲೆ ಮೈ ಜೋಲುತ್ತದೆಯೇ, ಹಾಲು ಚೀಪುತ್ತದೆಯೇ, ಉಸಿರು ನಿಧಾನವೇ ಎಂದು ಕೆಲವು ದಿನ ಕಣ್ಣಿಡಬೇಕು.

ನಿಮ್ಮ ಮೇಲೆ ನನ್ನದೊಂದು ಸಿಟ್ಟಿದೆ. ಎದುರಿಗೆ ಬಸುರಿ ಕೂತಿದ್ದರೆ ನೀವು ಟ್ಯಾಬ್ ನೋಡುತ್ತೀರಿ. ಎಲ್ಲಾ ಕಾಲಂ ತುಂಬಿರುತ್ತದೆ, ಪುಡಿ ಹಾಕಿ ಕಪ್ಪಾದ ಅವಳ ಒಸಡು ಮಾತ್ರ ಕಂಡಿರುವುದಿಲ್ಲ. ಡಾಟಾ ಎಂಟ್ರಿ ಮಾಡಲು ಇಷ್ಟು ವರ್ಷ ಓದಬೇಕಿತ್ತೇ?

ಕುಡಿತ, ಮಾದಕ ವಸ್ತುಗಳ ಬಗ್ಗೆ ಪ್ರತಿ ಭೇಟಿಯಲ್ಲೂ ಪ್ರತಿ ಗರ್ಭಿಣಿಯನ್ನೂ ಕೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಒಂದೇ ಸಲ ಕೇಳಿದರೆ ನಮ್ಮಲ್ಲಿ ಸಾಲದು. ಈ ಮಂಡಲಗಳ ಹೆಂಗಸರು ಗುಂಟೂರಿನ ಮೆಣಸಿನಕಾಯಿ ಕೊಯ್ಲಿಗೆ ಗುಳೆ ಹೋಗುತ್ತಾರೆ. ಎಷ್ಟೋ ಜನರ ತಪಾಸಣೆ ಅಲ್ಲಿಗೇ ತಪ್ಪುತ್ತದೆ. ಹೊರಡುವ ಮೊದಲೇ ಅವಳು ಹೇಳಿದ್ದನ್ನು ತಪಾಸಣೆ ಕಾರ್ಡಿನ ಹಿಂಬದಿ ಬರೆದುಕೊಡಿ, ಅವಳು ಒಪ್ಪಿದರೆ ಮಾತ್ರ. ಕಾರ್ಡು ಅತ್ತೆಯ ಕೈಗೂ ಹೋಗುತ್ತದೆ ಎಂಬ ನೆನಪಿರಲಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರು 14416, ಅದನ್ನೂ ಕೊಡಿ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಚಟದ ಈ ಪ್ರಶ್ನೆ ಕೇಳಲು ಕಲಿಯಿರಿ. ನೈಟ್ ಡ್ಯೂಟಿಗೆ ಉಂಡು ಹೋಗಿ. ಹಸಿದವರಿಗೆ ಸಿಟ್ಟು ಬೇಗ, ಅದು ಪೇಷಂಟಿನ ಮೇಲೆಯೇ ಬೀಳುವುದು. ಮದುವೆಯಾದ ಮೇಲೂ ಕೆಲಸ ಬಿಡಬೇಡಿ, ಇದನ್ನು ಭಾವಿ ಅತ್ತೆಯರೂ ಕೇಳಿಸಿಕೊಳ್ಳಲಿ.