ನೆರೆಯವನ ಮಾಡು, ನಮ್ಮ ಗೋಡೆ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಮುಂಬಯಿಯಲ್ಲಿ ಮಳೆ ಹಿಡಿಯುವುದು ಸಾಮಾನ್ಯವಾಗಿ ಜೂನ್ ಎರಡನೆಯ ವಾರದಲ್ಲಿ. ಅಲ್ಲಿಂದ ಸಪ್ಟೆಂಬರ್ ತನಕ 2,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಬಿದ್ದುದನ್ನು ನಾವು ಮರೆತಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಹಾಸಿಗೆ ಒದ್ದೆ, ಮಕ್ಕಳ ಪುಸ್ತಕ ಒದ್ದೆ. ಬೆಳಗಾದರೆ ನೆರೆಯವನೊಡನೆ ಜಗಳ. ನಮ್ಮ ಖೋಲಿಗಳಲ್ಲಿ ಈ ಸೋರಿಕೆ ಬಹುಮಟ್ಟಿಗೆ ಒಂದೇ ಜಾಗದಿಂದ ಬರುತ್ತದೆ: ನೆರೆಯವನ ತಗಡಿನ ಮಾಡು ನಮ್ಮ ಗೋಡೆಗೆ ತಾಗುವ ಸಂದು.

ಆ ಸಂದಿಗೆ ವರ್ಷವರ್ಷವೂ ಸಿಮೆಂಟು ಮೆತ್ತುತ್ತೇವೆ. ಅದು ವರ್ಷವರ್ಷವೂ ಬಿರುಕು ಬಿಡುತ್ತದೆ. ಕಾರಣ ಸರಳ. ತಗಡು ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಗಾಳಿಗೆ ಅದುರುತ್ತದೆ. ಗೋಡೆ ಅಲುಗುವುದಿಲ್ಲ. ಅಲುಗುವುದನ್ನೂ ಅಲುಗದ್ದನ್ನೂ ಗಾರೆಯಿಂದ ಅಂಟಿಸಿದರೆ ಅದು ಬಿಡಲೇಬೇಕು. ಡಾಂಬರು ಬಳಿದರೂ ಹೆಚ್ಚು ಕಾಲ ನಿಲ್ಲದು.

ಮೊದಲು ನೀರು ಎಲ್ಲಿಂದ ಬರುತ್ತದೆಂದು ಮೇ ತಿಂಗಳಲ್ಲೇ ಪರೀಕ್ಷಿಸಬೇಕು. ಗೋಡೆ ನೆನೆಯದಂತೆ ಮಾಡಿನ ಮೇಲೆ ಮಾತ್ರ ನೀರು ಹೊಯ್ದು ಕಾಲು ಗಂಟೆ ಕಾಯಿರಿ. ಬಳಿಕ ಸಂದಿಗೆ, ಕೊನೆಗೆ ಮೇಲಿನ ಗೋಡೆಗೆ ಹೊಯ್ಯಿರಿ. ಗೋಡೆಗೆ ಹೊಯ್ದಾಗ ಮಾತ್ರ ಒಳಗೆ ಸೋರಿದರೆ ತಪ್ಪು ನೆರೆಯವನ ಮಾಡಿನದಲ್ಲ, ನಮ್ಮ ಗಿಲಾಯದ ಬಿರುಕಿನದು.

ಸಂದಿನದೇ ಆದರೆ ಮದ್ದು ಹೀಗೆ. ಮಾಡಿನಿಂದ ಸುಮಾರು 6 ಇಂಚು ಮೇಲೆ ನಮ್ಮ ಗೋಡೆಯಲ್ಲಿ 1 ಇಂಚು ಆಳದ ಗೀರು ಕೊರೆಯಿಸಿ. ಜಸ್ತದ ತಗಡನ್ನು ಮಡಿಸಿ, ಮೇಲಿನ ಅಂಚನ್ನು ಆ ಗೀರಿನೊಳಗೆ ಸೇರಿಸಿ ಗಾರೆ ತುಂಬಿಸಿ. ಕೆಳಗಿನ ಅಂಚು ಮಾಡಿನ ಮೇಲೆ 6 ಇಂಚಾದರೂ ಚಾಚಿರಲಿ. ಅದನ್ನು ಅಂಟಿಸಬಾರದು, ಮಾಡು ಅಲುಗಿದರೂ ಅದು ಮೇಲೆ ಜಾರುವಂತಿರಬೇಕು. ತುಂಡುಗಳನ್ನು ಇಳಿಜಾರಿನ ಕೆಳಗಿನಿಂದ ಜೋಡಿಸುತ್ತ, ಮೇಲಿನದು ಕೆಳಗಿನದರ ಮೇಲೆ ಬರುವಂತೆ ಇಡಬೇಕು. ಹೆಂಚು ಹೊದಿಸುವ ಕ್ರಮವೇ ಇದು. ಮಾಡಿನ ಇಳಿಜಾರು ನಮ್ಮ ಗೋಡೆಯ ಕಡೆಗೇ ಇದ್ದರೆ ಇದಿಷ್ಟು ಸಾಲದು. ಊರಿನಲ್ಲಿ ಅಡಿಕೆ ಮರದ ದಂಬೆ ಇಟ್ಟಂತೆ ಇಲ್ಲಿಯೂ ಅಗಲವಾದ ತಗಡಿನ ದಂಬೆ ಇಟ್ಟು ನೀರನ್ನು ಹೊರಗೆ ಹಾಯಿಸಬೇಕು. ಕಸ ತೆಗೆಯುತ್ತಲೂ ಇರಬೇಕು.

ಎಚ್ಚರಿಕೆಯ ಮಾತು: ಹಳೆಯ ಸಿಮೆಂಟು ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಪುಪ್ಪುಸಕ್ಕೆ ವಿಷ, ಕೊಯ್ಯಬೇಡಿ, ಕೊರೆಯಬೇಡಿ. ಅವುಗಳ ಮೇಲೆ ಕಾಲಿಟ್ಟರೆ ಒಡೆದು ಬೀಳುವಿರಿ. ಮಳೆಯಲ್ಲಿ ಮಾಡು ಹತ್ತಬಾರದು. ಒದ್ದೆ ಗೋಡೆಯಲ್ಲಿ ವಿದ್ಯುತ್ ತಂತಿ ಇದ್ದರೆ ಮೊದಲು ಮೈನ್ ಆರಿಸಿ.

ಬಂಧುಗಳೇ, ಈ ತಗಡಿನ ಒಂದು ಅಂಚು ನಮ್ಮ ಗೋಡೆಯಲ್ಲಿ, ಇನ್ನೊಂದು ನೆರೆಯವನ ಮಾಡಿನ ಮೇಲೆ. ಅವನ ಒಪ್ಪಿಗೆಯಿಲ್ಲದೆ ಕೆಲಸ ಸಾಗದು. ಆದುದರಿಂದ ಜಗಳಕ್ಕೆ ಮುಂಚೆ ಅವನನ್ನು ಕರೆದು ಸೋರುವ ಜಾಗ ತೋರಿಸೋಣ. ಅವನು ಮರಾಠಿಯವನಿರಲಿ, ಭೈಯಾ ಇರಲಿ, ನಮ್ಮಂತೆಯೇ ದುಡಿದು ಬಂದು ಮಲಗುವವನು. ಆ ಸಂದಿನ ನೀರು ಅವನ ಕಡೆಗೂ ಇಳಿಯುತ್ತದೆ. ಖರ್ಚು ಹಂಚಿಕೊಂಡು, ಒಪ್ಪಂದವನ್ನು ಒಂದು ಹಾಳೆಯಲ್ಲಿ ಬರೆದಿಡೋಣ. ಬಾಡಿಗೆ ಚಾಳಾದರೆ ಮಾಲಿಕನಿಗೆ ಒಬ್ಬೊಬ್ಬರೇ ಗೊಣಗುವ ಬದಲು ಎಲ್ಲರೂ ಸಹಿ ಮಾಡಿದ ಅರ್ಜಿ ಕೊಡೋಣ, ಅದರ ಪ್ರತಿಗೆ ಅವನಿಂದ ಪೋಚು ಪಡೆಯೋಣ. ಸಂಬಳಕ್ಕಾಗಿ ಒಂದಾಗಲು ಕಲಿತ ನಮಗೆ ಸೂರಿಗಾಗಿ ಒಂದಾಗುವುದು ಕಷ್ಟವಲ್ಲ.