ನಾಟಕದ ಪೊಲೀಸರಿಗೆ ಭುಜಪಟ್ಟಿ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಲ್ಲಿ ಜಾತ್ರೆ, ಹಬ್ಬಗಳ ಕಾಲಕ್ಕೆ ಸಾಮಾಜಿಕ ನಾಟಕ ಆಡುವ ರೂಢಿಯಿದೆ. ಗೌಡರು, ಸಾಹುಕಾರರ ಜೊತೆಗೆ ಇನ್ಸ್‌ಪೆಕ್ಟರ್ ಪಾತ್ರವೂ ಅದರಲ್ಲಿ ಬರುವುದುಂಟು. ಬಾಡಿಗೆಯ ಖಾಕಿ ಅಂಗಿಗೆ ಕೈಗೆ ಸಿಕ್ಕ ನಕ್ಷತ್ರಗಳನ್ನೆಲ್ಲ ಅಂಟಿಸಿದರೆ ಪಾತ್ರ ಸಿದ್ಧವಾಯಿತೇ?

ಮೊದಲು ನಿಜವಾದ ಪದ್ಧತಿಯನ್ನು ನೋಡೋಣ. ನಮ್ಮ ಜನ ದಫೇದಾರರೆಂದು ಕರೆಯುವ ಮುಖ್ಯ ಪೇದೆಗೆ ತೋಳಿನ ಮೇಲೆ ಮೂರು ಪಟ್ಟಿ. ಸಹಾಯಕ ಸಬ್ ಇನ್ಸ್‌ಪೆಕ್ಟರ್‌ಗೆ ಭುಜದ ಮೇಲೆ 1 ನಕ್ಷತ್ರ, ಸಬ್ ಇನ್ಸ್‌ಪೆಕ್ಟರ್‌ಗೆ 2, ಇನ್ಸ್‌ಪೆಕ್ಟರ್‌ಗೆ 3. ಈ ಮೂವರಿಗೂ ನಕ್ಷತ್ರದ ಕೆಳಗೆ ಕೆಂಪು-ನೀಲಿ ಪಟ್ಟಿ ಇರುತ್ತದೆ. ಡಿವೈಎಸ್‌ಪಿಗೂ ನಕ್ಷತ್ರ ಮೂರೇ. ಆದರೆ ಆ ಪಟ್ಟಿ ಇಲ್ಲ. ಇಷ್ಟಗಲದ ಬಟ್ಟೆಯೊಂದು ಇಬ್ಬರು ಅಧಿಕಾರಿಗಳ ಅಂತರವನ್ನು ಹೇಳಿಬಿಡುತ್ತದೆ. ಎಸ್‌ಪಿಯವರಿಗೆ ರಾಷ್ಟ್ರಲಾಂಛನ ಮತ್ತು 1 ನಕ್ಷತ್ರ. ಅದಕ್ಕೂ ಮೇಲೆ, ಐಜಿಪಿ ಹಂತದಲ್ಲಿ, ಅಡ್ಡಲಾಗಿಟ್ಟ ಖಡ್ಗ ಮತ್ತು ದಂಡ ಬರುತ್ತವೆ.

ಇದನ್ನೇ ಹಾಗೆಹಾಗೇ ನಕಲು ಮಾಡಬೇಕೇ? ಬೇಡವೆಂದೇ ನನ್ನ ಸಲಹೆ. ನಾಟಕವಾಡುವುದು ಅಪರಾಧವಲ್ಲ. ಆದರೆ ಮೋಸದ ಉದ್ದೇಶದಿಂದ ಸರ್ಕಾರಿ ನೌಕರನ ಉಡುಪು ಧರಿಸುವುದು 1860ರ ದಂಡಸಂಹಿತೆಯಲ್ಲೂ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 205ನೇ ಕಲಮಿನಲ್ಲೂ ಅಪರಾಧವೇ. ಸರ್ಕಾರದ್ದೆಂಬ ಭಾವನೆ ಬರುವಂತೆ ರಾಷ್ಟ್ರಲಾಂಛನವನ್ನು ಬಳಸುವುದನ್ನು 2005ರ ಕಾಯ್ದೆ ನಿಷೇಧಿಸಿದೆ. ಖಾಕಿ ಕಂಡೊಡನೆ ಕೈಮುಗಿದು ಹಣ ತೆಗೆದುಕೊಡುವ ಮುಗ್ಧರು ನಮ್ಮ ನಡುವೆ ಇದ್ದಾರೆ. ನಾಟಕ ಮುಗಿದ ಮೇಲೆ ಆ ಅಂಗಿ ಯಾರ ಕೈ ಸೇರುವುದೋ ಹೇಳುವವರಾರು? ಆದ್ದರಿಂದ ರಂಗದ ಮೇಲೆ ನಂಬಿಕೆ ಹುಟ್ಟಿಸುವ, ರಸ್ತೆಗೆ ಬಂದರೆ ಯಾರನ್ನೂ ವಂಚಿಸಲಾರದ ಚಿಹ್ನೆ ನಮಗೆ ಬೇಕು.

ಅದಕ್ಕೆ ದಾರಿ ಸುಲಭ. ಕಥೆಯ ಊರಿಗೊಂದು ಕಲ್ಪನೆಯ ಪೊಲೀಸ್ ದಳವನ್ನು ಕಟ್ಟಿರಿ. ನಕ್ಷತ್ರದ ಬದಲು ಚನ್ನಗಿರಿಯ ಅಡಿಕೆಯನ್ನಿಡಿ: ಒಂದು, ಎರಡು, ಮೂರು. ಕೆಂಪು-ನೀಲಿಯ ಜಾಗಕ್ಕೆ ನ್ಯಾಮತಿ ತಾಲ್ಲೂಕಿನ ತಾಂಡಾಗಳ ಲಂಬಾಣಿ ಕಸೂತಿಯ ಅಂಚು ಬರಲಿ. ದೊಡ್ಡ ಅಧಿಕಾರಿಗೆ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಧಾಮದಲ್ಲಿರುವ ನಾಲ್ಕು ಕೊಂಬಿನ ಕೊಂಡುಕುರಿ. ಅವನಿಗೂ ಮೇಲಿನವನಿಗೆ, ಕೊಂಡುಕುರಿಯ ಕೆಳಗೆ ಹೊನ್ನಾಳಿಯ ತುಂಗಭದ್ರೆಯ ಅಲೆ.

ಮೂರು ನಿಯಮ ಮರೆಯಬೇಡಿ. ಚಿಹ್ನೆಗಳು ಕಡಿಮೆ ಇರಲಿ. ದರ್ಜೆ ಏರಿದಂತೆ ಅವು ಒಂದೇ ಕ್ರಮದಲ್ಲಿ ಬದಲಾಗಲಿ. ಕೊನೆಯ ಸಾಲಿನಲ್ಲಿ ಕುಳಿತ ಅಜ್ಜಿಗೂ ಕಾಣುವಷ್ಟು ದೊಡ್ಡದಾಗಿರಲಿ. ರಟ್ಟು, ಬೇಗಡೆ, ಗೋಂದು ಇದ್ದರೆ ಸಾಕು.

ಇನ್ನೊಂದು ಮಾತು. ಭುಜದ ಮೇಲೆ ಏನೇ ಇದ್ದರೂ ಕಿರಿಯನು ಹಿರಿಯನಿಗೆ ಮೊದಲು ಸೆಲ್ಯೂಟ್ ಹೊಡೆಯದಿದ್ದರೆ ಪ್ರೇಕ್ಷಕರು ದರ್ಜೆಯನ್ನು ನಂಬುವುದಿಲ್ಲ. ಚಿಹ್ನೆಗೆ ಬೆಲೆ ಬರುವುದು ಅದಕ್ಕೆ ತಕ್ಕ ನಡತೆಯಿಂದ. ಈ ಮಾತು ನಾಟಕದ ಪೊಲೀಸರಿಗೆ ಮಾತ್ರವಲ್ಲ ಎಂಬುದನ್ನು ತಾವೂ ಒಪ್ಪುವಿರೆಂದು ನಂಬಿದ್ದೇನೆ.