ಮಾಡು ಹೊದೆದ ಮರದ ಸೇತುವೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ತೋಟದ ತೋಡುಗಳಿಗೆ ಅಡಕೆಯ ಮರದ ಸಂಕ ಹಾಕುವುದು ತಮಗೆಲ್ಲ ತಿಳಿದ ಸಂಗತಿ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕುಂಬಾಗುತ್ತದೆ. ಹೊಸ ಮರ ಕಡಿದು ಹಾಕಬೇಕು. ಹೀಗಿರುವಾಗ 1866ರಲ್ಲಿ ಕಟ್ಟಿದ ಮರದ ಸೇತುವೆಯೊಂದರ ಮೇಲೆ ನಮ್ಮ ಕಾಲದಲ್ಲಿಯೂ ಮೋಟಾರು ಗಾಡಿಗಳು ಓಡಾಡುತ್ತಿವೆಯೆಂದರೆ ಆಶ್ಚರ್ಯವಾಗದಿರದು. ಅದು ಅಮೇರಿಕೆಯ ಈಶಾನ್ಯದಲ್ಲಿ, ಕನೆಕ್ಟಿಕಟ್ ನದಿಯ ಮೇಲಿದೆ. ಮೂಡಣ ದಡದಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಕಾರ್ನಿಷ್, ಪಡುವಣ ದಡದಲ್ಲಿ ವರ್ಮಾಂಟ್ ರಾಜ್ಯದ ವಿಂಡ್ಸರ್. ಗಡಿಯ ಸೇತುವೆಯಾದುದರಿಂದಲೇ ಇಂದಿನ ಮಾತಿಗೆ ಅದನ್ನು ಆರಿಸಿಕೊಂಡೆನು.

ಆ ಸ್ಥಳದಲ್ಲಿ 1796, 1824 ಮತ್ತು 1849ರಲ್ಲಿ ಕಟ್ಟಿದ ಸೇತುವೆಗಳಿದ್ದುವು. ಕೊನೆಯದು 1866ರ ಮಾರ್ಚಿಯ ನೆರೆಗೆ ಬಲಿಯಾಯಿತು. ಅದೇ ವರ್ಷ ಜೇಮ್ಸ್ ಟಾಸ್ಕರ್, ಬೇಲಾ ಫ್ಲೆಚರ್ ಎಂಬಿಬ್ಬರು 9,000 ಡಾಲರ್ ವೆಚ್ಚದಲ್ಲಿ ಈಗಿನ ಸೇತುವೆಯನ್ನು ನಿಲ್ಲಿಸಿದರು. ವಿಂಡ್ಸರಿನ ಹುಲ್ಲುಗಾವಲೊಂದರಲ್ಲಿ ಮೊದಲು ತೊಲೆಗಳನ್ನು ಹೊಂದಿಸಿಕೊಂಡು, ಅನಂತರ ಹೊಳೆಯ ಬಳಿಗೆ ತಂದರಂತೆ. ಉದ್ದ ಸುಮಾರು 450 ಅಡಿ. ನೀರಿನ ನಡುವೆ ಇರುವುದು ಒಂದೇ ಕಲ್ಲುಗಂಬ. ಇಕ್ಕೆಲಗಳಲ್ಲಿ ಓರೆತೊಲೆಗಳನ್ನು ಒಂದಕ್ಕೊಂದು ಅಡ್ಡವಾಗಿ ಹೆಣೆದಿದ್ದಾರೆ. ಹಳೆಯ ಮನೆಯ ಜಾಲಂದ್ರವನ್ನು ಗೋಡೆಯಷ್ಟು ಬೆಳೆಸಿದಂತೆ ಎಂದು ಭಾವಿಸಿಕೊಳ್ಳಬಹುದು. ಈ ಬಗೆಯ ಹೆಣಿಗೆಗೆ ಈಥಿಯೆಲ್ ಟೌನ್ ಎಂಬ ವಾಸ್ತುಶಿಲ್ಪಿ 1820ರಲ್ಲಿಯೇ ಸನ್ನದು ಪಡೆದಿದ್ದನು.

ಭಾರವನ್ನೆಲ್ಲ ಹೊರುವುದು ಈ ಹೆಣಿಗೆ. ಮೇಲಿನ ಮಾಡು, ಹೊರಗಿನ ಹಲಗೆಗಳು ದಾರಿಗರಿಗೆ ನೆರಳಾಗಲೆಂದು ಇಟ್ಟವಲ್ಲ. ತೊಲೆಗಳು ಮಳೆಯಲ್ಲಿ ನೆನೆಯದಿರಲೆಂದು. ಮಾಡಿಲ್ಲದ ಮರದ ಸೇತುವೆ ಹತ್ತಿಪ್ಪತ್ತು ವರ್ಷ ಬಾಳಿದರೆ ಹೆಚ್ಚು. ಮಾಡು ಹಳತಾದರೆ ಬದಲಿಸಬಹುದು, ತೊಲೆ ಕೆಟ್ಟರೆ ಸೇತುವೆಯೇ ಉಳಿಯದು. ನಮ್ಮ ಸಂಕಕ್ಕೆ ಯಾರೂ ಮಾಡು ಹಾಕುವುದಿಲ್ಲ. ಅಡಕೆಯ ಮರಕ್ಕೇನು, ತೋಟದಲ್ಲಿ ಬೇಕಾದಷ್ಟಿದೆ!

ಸೇತುವೆಯ ಬಾಗಿಲಲ್ಲಿ ಒಂದು ಫಲಕವುಂಟು: ಕುದುರೆಯನ್ನು ನಡೆಯಿಸಿಕೊಂಡು ಹೋಗತಕ್ಕದ್ದು, ತಪ್ಪಿದರೆ ಎರಡು ಡಾಲರ್ ದಂಡ. ಓಡುವ ಕುದುರೆಯ ಗೊರಸಿನ ಒಂದೇ ಸಮನಾದ ಹೊಡೆತಕ್ಕೆ ಮರದ ಕೀಲುಗಳು ಅಲುಗುತ್ತವೆಯೆಂಬ ಭಯ. ಆಗ ಸೇತುವೆ ಖಾಸಗಿ ಕಂಪೆನಿಯೊಂದರದು. ದಾಟುವವರು ಸುಂಕ ತೆರಬೇಕಾಗಿತ್ತು. 1936ರಲ್ಲಿ ನ್ಯೂ ಹ್ಯಾಂಪ್‌ಷೈರ್ ಸರಕಾರ ಅದನ್ನು ಕೊಂಡಿತು. ಸುಂಕ ನಿಂತದ್ದು 1943ರಲ್ಲಿ.

ಇನ್ನು ಗಡಿಯ ಮಾತು. 1764ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನು ನದಿಯ ಪಡುವಣ ದಡವೇ ಎಲ್ಲೆಯೆಂದು ಆಜ್ಞೆ ಮಾಡಿದನು. ಆತನು ಆ ಹೊಳೆಯನ್ನು ಎಂದೂ ಕಂಡವನಲ್ಲ. (ಇಂತಹ ಗಡಿಗಳ ಕಥೆ ಈ ಸಭೆಗೆ ಹೊಸತಲ್ಲ.) ಮುಂದೆ ಎರಡು ರಾಜ್ಯಗಳೂ ವ್ಯಾಜ್ಯ ಹೂಡಿ, 1933ರಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ಪಡುವಣ ದಡದಲ್ಲಿ ನೀರು ತಗ್ಗಿದಾಗಿನ ರೇಖೆಯೇ ಗಡಿಯೆಂದು ತೀರ್ಪಿತ್ತಿತು. ಅಂತೂ ಹೊಳೆಯೂ, ಹೆಚ್ಚುಕಡಿಮೆ ಸೇತುವೆಯೆಲ್ಲವೂ ನ್ಯೂ ಹ್ಯಾಂಪ್‌ಷೈರಿನ ಪಾಲಾದುವು. ವಿಂಡ್ಸರಿನವನು ಸೇತುವೆಯೊಳಗೆ ನಾಲ್ಕು ಹೆಜ್ಜೆಯಿಟ್ಟರೆ ಪರರಾಜ್ಯದಲ್ಲಿರುತ್ತಾನೆ; ಆದರೆ ಸೇತುವೆಯಿಲ್ಲದೆ ಅವನಿಗೂ ಸಾಗದು.

ಅದು 1987ರಲ್ಲಿ ತಿಳಿಯಿತು. ಸೇತುವೆ ಜಗ್ಗಿ, ವಾಹನಗಳಿಗೆ ಮುಚ್ಚಬೇಕಾಯಿತು. ನಲವತ್ತು ಲಕ್ಷ ಡಾಲರಿಗೂ ಮಿಕ್ಕಿ ವೆಚ್ಚಮಾಡಿ, ತೆಳುಹಲಗೆಗಳನ್ನು ಅಂಟಿಸಿ ಮಾಡಿದ ಹೊಸ ಬಗೆಯ ತೊಲೆಗಳನ್ನು ಸೇರಿಸಿ 1989ರಲ್ಲಿ ತೆರೆದರು. ಅಂಟಿಸಿದ ತೊಲೆಯ ಸೇತುವೆಯನ್ನು ಹಳೆಯದೆನ್ನಬಹುದೆ ಎಂದು ಕೇಳುವವರಿರಬಹುದು. ನನ್ನ ಅಭಿಪ್ರಾಯದಲ್ಲಿ, ಹಳೆಯ ಮರವನ್ನಷ್ಟೇ ಪೂಜಿಸಿ ದಾರಿಯನ್ನು ಮುಚ್ಚಿದ್ದರೆ ಉಳಿಯುತ್ತಿದ್ದುದು ಒಂದು ದೊಡ್ಡ ಕೊಟ್ಟಿಗೆ, ಸೇತುವೆಯಲ್ಲ. 2008ರಲ್ಲಿ ಒಹಾಯೊ ರಾಜ್ಯದಲ್ಲಿ ಇದಕ್ಕಿಂತ ಉದ್ದವಾದ, ಮಾಡುಳ್ಳ ಹೊಸ ಸೇತುವೆ ಎದ್ದಿತು. ಕಾರ್ನಿಷಿನ ಫಲಕ ಮಾತ್ರ ಕುದುರೆಗಳಿಲ್ಲದ ಕಾಲದಲ್ಲಿಯೂ ಎರಡು ಡಾಲರ್ ದಂಡವನ್ನು ಸಾರುತ್ತಲೇ ಇದೆ.